ಎದೆ ಡವಡವ ಎನ್ನುವಾಗ ಅಡುಗೆಮನೆಯತ್ತಲೂ ಒಮ್ಮೆ ನೋಡಿ

ರಾತ್ರಿ ಹನ್ನೊಂದೂವರೆ. ಮಕ್ಕಳು ಮಲಗಿಯಾಗಿದೆ, ಅತ್ತೆಯ ಕೋಣೆಯ ದೀಪವೂ ಆರಿದೆ. ದುಬೈಯಲ್ಲಿ ಈಗಿನ್ನೂ ಹತ್ತು ಗಂಟೆ. ಪತಿ ಕೆಲಸ ಮುಗಿಸಿ, ಉಂಡು, ಫೋನು ಮಾಡುವ ಹೊತ್ತು. ನಿದ್ದೆ ತೂಗದಿರಲೆಂದು ನೀವು ಮತ್ತೊಂದು ಲೋಟ ಚಹಾ ಕಾಯಿಸಿಕೊಳ್ಳುತ್ತೀರಿ. ಮಾತು ಮುಗಿದು ಹಾಸಿಗೆಗೆ ಬಂದರೆ ನಿದ್ದೆ ಇಲ್ಲ. ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ. ಏನೋ ಕೆಟ್ಟದ್ದು ಆಗಲಿದೆಯೆಂಬ ಭಯ. ಏನೆಂದು ಕೇಳಿದರೆ ಹೇಳಲು ಏನೂ ಇಲ್ಲ.

ಕಾರ್ಕಳದ ಸಾಲ್ಮರದಲ್ಲಾಗಲಿ, ಬಂಗ್ಲೆಗುಡ್ಡೆಯಲ್ಲಾಗಲಿ, ಕಾಪು-ಉಡುಪಿಯ ಕಡೆಯಲ್ಲಾಗಲಿ ಈ ಚಿತ್ರ ಅಪರಿಚಿತವೇನಲ್ಲ. ನನಗೆ ಪರಿಚಿತರಾದ ಒಬ್ಬ ಸಹೋದರಿಯ ಕಥೆಯೂ ಹೀಗೆಯೇ ಆರಂಭವಾಯಿತು. ಹೆಸರು ಬೇಡ. ಇಬ್ಬರು ಮಕ್ಕಳ ತಾಯಿ, ವಯಸ್ಸು ಮೂವತ್ತರ ಆಸುಪಾಸು. ಒಂದು ರಾತ್ರಿ ಉಸಿರು ಕಟ್ಟಿದಂತಾಗಿ, ಹೃದಯಾಘಾತವೇ ಆಯಿತೆಂದು ಹೆದರಿ ಆಸ್ಪತ್ರೆಗೆ ಓಡಿದರು. ಇಸಿಜಿ ಸರಿಯಾಗಿತ್ತು. "ಏನೂ ಇಲ್ಲ" ಎಂದು ಮನೆಗೆ ಕಳುಹಿಸಿದರು. ಮತ್ತೆ ಎರಡು ಬಾರಿ ಹಾಗೆಯೇ ಆಯಿತು. ಬಂಧುಗಳಲ್ಲಿ ಕೆಲವರು "ಇದು ಬೇರೆಯೇ ಬಾಧೆ" ಎಂದು ನೂಲು ಮಂತ್ರಿಸಿ ತಂದು ಕೊಟ್ಟರು. ಇನ್ನು ಕೆಲವರು "ಅವಳಿಗೆ ಏನು ಕಡಿಮೆಯಾಗಿದೆ? ಕೂತು ತಿನ್ನುವುದು ಹೆಚ್ಚಾಗಿದೆ" ಎಂದರು. ಈ ಎರಡನೆಯ ಮಾತು ಆಕೆಯನ್ನು ರೋಗಕ್ಕಿಂತಲೂ ಹೆಚ್ಚು ಕುಗ್ಗಿಸಿತು.

ಕೊನೆಗೆ ಒಬ್ಬ ವೈದ್ಯೆ ಸಾವಧಾನದಿಂದ ಕೂರಿಸಿ, ಯಾರೂ ಕೇಳದ ಪ್ರಶ್ನೆಯನ್ನು ಕೇಳಿದರು: "ಅಮ್ಮಾ, ನಿನ್ನೆ ಬೆಳಗ್ಗಿನಿಂದ ರಾತ್ರಿಯ ತನಕ ಏನೇನು ತಿಂದಿರಿ, ಏನೇನು ಕುಡಿದಿರಿ, ಒಂದೊಂದಾಗಿ ಹೇಳಿ."

ಉತ್ತರ ಹೀಗಿತ್ತು. ಸುಬುಹಿ ನಮಾಝಿನ ನಂತರ ಒಂದು ಲೋಟ ಚಹಾ. ಮಕ್ಕಳ ಬುತ್ತಿ ಕಟ್ಟುವಾಗ ಮತ್ತೊಂದು, ಜೊತೆಗೆ ಎರಡು ಬಿಸ್ಕೆಟ್. ಹನ್ನೊಂದು ಗಂಟೆಗೆ ಉಳಿದ ದೋಸೆಯ ತುಂಡು, ಚಹಾ. ಮಧ್ಯಾಹ್ನ ಎಲ್ಲರೂ ಉಂಡ ನಂತರ ಮೂರು ಗಂಟೆಗೆ ಅನ್ನ ಮತ್ತು ಮೀನಿನ ಸಾರು. ಮೀನಿನ ತುಂಡು? ಮುಗಿದಿತ್ತು. ಅಸರ್ ಬಳಿಕ ಚಹಾ, ಬೇಕರಿಯ ಪಫ್ಸ್. ರಾತ್ರಿ ಹಸಿವಿಲ್ಲ. ಹತ್ತು ಗಂಟೆಯ ನಂತರ ಒಂದೆರಡು ಚಹಾ.

ಸಹೋದರಿಯರೇ, ನಿಮ್ಮ ನಿನ್ನೆಯ ದಿನವನ್ನೂ ಹೀಗೆ ಒಂದು ಕಾಗದದಲ್ಲಿ ಬರೆದು ನೋಡಿ. ಮನೆಮಂದಿಗೆಲ್ಲ ಬಡಿಸುವ ಕೈಗೆ ತನ್ನ ಬಟ್ಟಲಿನ ಲೆಕ್ಕ ಇರುವುದಿಲ್ಲ.

ಚಹಾದ ಲೆಕ್ಕ

ಚಹಾ, ಕಾಫಿಗಳಲ್ಲಿರುವ ಕೆಫೀನ್ ಎಂಬ ವಸ್ತು ನಿದ್ದೆ ಓಡಿಸುತ್ತದೆ ಎಂದು ಎಲ್ಲರೂ ಬಲ್ಲರು. ದಿನವಿಡೀ ದುಡಿದಾಗ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ "ಇನ್ನು ಸಾಕು, ವಿಶ್ರಮಿಸು" ಎಂದು ದೇಹಕ್ಕೆ ಸೂಚಿಸುತ್ತದೆ. ಕೆಫೀನ್ ಆ ಸೂಚನೆಯನ್ನು ತಡೆಹಿಡಿಯುತ್ತದೆ. ಅದು ಹೆಚ್ಚಾದಾಗ ಎದೆಬಡಿತ, ಕೈನಡುಕ, ಚಡಪಡಿಕೆ, ನಿದ್ರಾಹೀನತೆ ಉಂಟಾಗುತ್ತವೆ. ಆತಂಕದ ಲಕ್ಷಣಗಳೂ ಇವೇ ಅಲ್ಲವೇ? ಮೊದಲೇ ಆತಂಕವಿರುವವರಿಗೆ ಇದು ಉರಿಯುವ ಬೆಂಕಿಗೆ ಎಣ್ಣೆಯಾಗುತ್ತದೆ. ಕುಡಿದ ಕೆಫೀನ್‌ನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. ಹತ್ತೂವರೆಗೆ ಕುಡಿದ ಚಹಾದ ಅರ್ಧ ಪಾಲು ಮೂರು ಗಂಟೆಗೂ ರಕ್ತದಲ್ಲೇ ಓಡಾಡುತ್ತಿರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಐಸಿಎಂಆರ್ ಜೊತೆ ಸೇರಿ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ, ಅಷ್ಟೇ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಪುಡಿ ಹಾಕಿ ಗಳಗಳ ಕುದಿಸುವ ನಮ್ಮ ಚಹಾ, ನಮ್ಮ ದೊಡ್ಡ ಲೋಟ, ಆರು ಬಾರಿ! ಲೆಕ್ಕ ನೀವೇ ಹಾಕಿ. ಹಾಲಿಲ್ಲದ ಸುಲೈಮಾನಿಯೂ ಈ ಲೆಕ್ಕದಿಂದ ಹೊರತಲ್ಲ.

ಹಾಗೆಂದು ನಾಳೆಯಿಂದಲೇ ಚಹಾ ಬಂದ್ ಮಾಡಬೇಡಿ. ರಮಝಾನಿನ ಮೊದಲ ಒಂದೆರಡು ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುವುದು ಅನೇಕರ ಅನುಭವ. ಹಸಿವಿನ ಜೊತೆ ಚಹಾ ಒಮ್ಮೆಲೇ ನಿಂತದ್ದೂ ಅದಕ್ಕೊಂದು ಕಾರಣ. ವಾರಕ್ಕೊಂದು ಲೋಟದಂತೆ ಕಡಿಮೆ ಮಾಡಿ. ಮೊದಲು ಬಿಡಬೇಕಾದದ್ದು ರಾತ್ರಿಯದ್ದು, ಆಮೇಲೆ ಬರಿಹೊಟ್ಟೆಯದ್ದು. ಆ ಹೊತ್ತಿಗೆ ಬಿಸಿಯಾದದ್ದೇನಾದರೂ ಬೇಕೆನಿಸಿದರೆ ಜೀರಿಗೆ ಕಷಾಯ ಇದೆ. ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತು, ಮಜ್ಜಿಗೆ ಇವೆ.

ರಕ್ತ ಕಡಿಮೆಯಾದರೂ ಎದೆ ಬಡಿಯುತ್ತದೆ

ವೈದ್ಯೆ ಆ ಸಹೋದರಿಗೆ ಎರಡು ರಕ್ತ ಪರೀಕ್ಷೆ ಬರೆದುಕೊಟ್ಟರು, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 8.6 ಇತ್ತು. ಗರ್ಭಿಣಿಯಲ್ಲದ ಮಹಿಳೆಗೆ ಅದು ಕನಿಷ್ಠ 12 ಇರಬೇಕು. ರಕ್ತಹೀನತೆಯಿದ್ದಾಗ ದೇಹಕ್ಕೆ ಬೇಕಾದ ಆಮ್ಲಜನಕ ಮುಟ್ಟಿಸಲು ಹೃದಯ ವೇಗವಾಗಿ ಬಡಿಯಬೇಕಾಗುತ್ತದೆ. ಮೆಟ್ಟಲು ಹತ್ತಿದರೆ ಏದುಸಿರು, ತಲೆ ತಿರುಗು, ಸುಸ್ತು. ಆತಂಕದ ಸ್ವಭಾವದವರು ಈ ಬಡಿತವನ್ನೇ ಅಪಾಯದ ಗಂಟೆಯೆಂದು ತಿಳಿದು ಇನ್ನಷ್ಟು ಹೆದರುತ್ತಾರೆ.

ಇದೇನು ಅಪರೂಪದ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ನಮ್ಮ ರಾಜ್ಯದಲ್ಲಿ ಸುಮಾರು 48. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಾಕೆ. ನಮ್ಮ ಮನೆಗಳಲ್ಲಿ ಮಾಂಸ-ಮೀನು ಇದೆಯಲ್ಲ, ರಕ್ತಕ್ಕೇನು ಕೊರತೆ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಇದೆ, ನಿಜ. ಅದು ಯಾರ ಬಟ್ಟಲಿಗೆ ಬಿದ್ದಿತು ಎಂಬುದು ಬೇರೆ ಪ್ರಶ್ನೆ. ನಡುವಿನ ತುಂಡು ಗಂಡಸರಿಗೆ, ಮುಳ್ಳು ಬಿಡಿಸಿದ್ದು ಮಕ್ಕಳಿಗೆ, ಸಾರು ತನಗೆ ಎಂಬ ಪದ್ಧತಿ ಎಲ್ಲಿಯೂ ಬರೆದಿಟ್ಟ ಕಾನೂನಲ್ಲ. ಅಡುಗೆಯಾದ ಕೂಡಲೇ ನಿಮ್ಮ ಪಾಲನ್ನು ಬೇರೆ ಪಾತ್ರೆಯಲ್ಲಿ ತೆಗೆದಿಡಿ. ಅದರಲ್ಲಿ ಸ್ವಾರ್ಥವೇನೂ ಇಲ್ಲ.

ಮಾಂಸ, ಮೀನುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಸೊಪ್ಪು, ಹುರುಳಿ, ಹೆಸರುಕಾಳುಗಳದ್ದು ಸೇರುವುದು ಕಷ್ಟ. ಮೇಲಿನಿಂದ ಲಿಂಬೆ ಹಿಂಡಿದರೆ ಅಥವಾ ಊಟದ ಜೊತೆ ಪೇರಳೆ, ನೆಲ್ಲಿಕಾಯಿ ತಿಂದರೆ ಸುಲಭವಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಚಹಾದ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಬಿಡುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ-ಕಾಫಿ ಬೇಡವೆಂದು ಮೇಲೆ ಹೇಳಿದ ಮಾರ್ಗಸೂಚಿಯೇ ತಿಳಿಸುತ್ತದೆ. ಬಿರಿಯಾನಿಯ ನಂತರದ ಸುಲೈಮಾನಿಯನ್ನು ಇಷ್ಟಪಡುವವರು ನನ್ನನ್ನು ಕ್ಷಮಿಸಬೇಕು. ರಕ್ತ ತೀರಾ ಕಡಿಮೆಯಿದ್ದರೆ ಸೊಪ್ಪು ಮಾತ್ರ ತಿಂದು ಸರಿಮಾಡುತ್ತೇನೆ ಎಂದು ಹಟ ಹಿಡಿಯಬೇಡಿ, ವೈದ್ಯರು ಹೇಳಿದ ಮಾತ್ರೆ ಬೇಕೇ ಬೇಕು.

ಊಟ ತಪ್ಪಿಸುವುದು ಇನ್ನೊಂದು ಕಾರಣ. ಬಹಳ ಹೊತ್ತು ಹಸಿದಿದ್ದಾಗ ಕೆಲವರಿಗೆ ಕೈನಡುಕ, ಬೆವರು, ಸಿಡುಕು ಉಂಟಾಗುತ್ತದೆ. ಆ ಹೊತ್ತಿಗೆ ಬಿಸ್ಕೆಟ್, ಸಿಹಿ ಚಹಾ ಸೇವಿಸಿದರೆ ಸಕ್ಕರೆ ಥಟ್ಟನೆ ಏರಿ ಮತ್ತೆ ಇಳಿಯುತ್ತದೆ. ಬೆಳಗ್ಗೆ ಎದ್ದ ಒಂದೆರಡು ಗಂಟೆಯೊಳಗೆ ಹೊಟ್ಟೆಗೆ ಗಟ್ಟಿಯಾದುದೇನಾದರೂ ಬೀಳಲಿ. ಇಡ್ಲಿ, ದೋಸೆ, ಪತ್ತಿರ್, ಯಾವುದಾದರೂ ಸರಿ, ಜೊತೆಗೆ ಮೊಟ್ಟೆಯೋ ಕಡಲೆ ಗಸಿಯೋ ಇರಲಿ.

ನಮ್ಮೂರಿನ ಬುಟ್ಟಿಯಲ್ಲಿ ಏನಿದೆ?

ಮನಸ್ಸಿಗೆ ಹಿತವಾದ ಆಹಾರ ಎಂದರೆ ಪತ್ರಿಕೆಗಳಲ್ಲಿ ಆವಕಾಡೊ, ಬಾದಾಮಿ, ಬ್ಲೂಬೆರಿಗಳ ಪಟ್ಟಿ ಕಾಣುತ್ತದೆ. ಅವೆಲ್ಲ ಗಲ್ಫಿನಿಂದ ಬರುವವರ ಪೆಟ್ಟಿಗೆಗೆ ಇರಲಿ. ನಮ್ಮಲ್ಲಿ ಬೂತಾಯಿ ಇದೆ, ಬಂಗುಡೆ ಇದೆ. ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಇವೆರಡರಲ್ಲಿ ಧಾರಾಳ. 2018ರಲ್ಲಿ 11 ದೇಶಗಳ 19 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಅಧ್ಯಯನದಲ್ಲಿ ಈ ಕೊಬ್ಬು ಆತಂಕದ ಲಕ್ಷಣಗಳನ್ನು ಸ್ವಲ್ಪ ಮಟ್ಟಿಗೆ ತಗ್ಗಿಸಿದ್ದು ಕಂಡುಬಂತು. ಆದರೆ ಅದು ದಿನಕ್ಕೆ 2 ಗ್ರಾಂನಷ್ಟು ದೊಡ್ಡ ಪ್ರಮಾಣದ ಮಾತ್ರೆಗಳ ಮಾತು. ವಾರಕ್ಕೆರಡು ಬಾರಿ ಬೂತಾಯಿ ಪುಳಿಮುಂಚಿ ಉಂಡರೆ ಅಷ್ಟೇ ಫಲ ಎಂದು ನಾನು ಹೇಳಲಾರೆ. ಆದರೂ ಪ್ರೋಟೀನು, ಬಿ12, ಒಮೆಗಾ-3 ಮೂರೂ ಒಂದೇ ಮೀನಿನಲ್ಲಿ ಸಿಗುವಾಗ ಬಿಡುವುದೇಕೆ? ಎಣ್ಣೆಯಲ್ಲಿ ಕರಿಯುವ ಬದಲು ಸಾರು ಮಾಡಿ. ಜೂನ್-ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು ಮಲ್ಪೆಯಿಂದ ಬರುವ ಮೀನು ಕಡಿಮೆಯಾದಾಗ ಮೊಟ್ಟೆ, ಹುರುಳಿ, ಅಗಸೆ ಚಟ್ನಿಪುಡಿ ಇರಲಿ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಬಿ.ಪಿ. ಇರುವವರು ಜೋಕೆ.

ಅಕ್ಕಿಯ ವಿಷಯದಲ್ಲಂತೂ ಕಾರ್ಕಳದವರು ಪುಣ್ಯವಂತರು. ಇತ್ತೀಚಿನ ವರ್ಷಗಳಲ್ಲಿ "ಕಾರ್ಲ ಕಜೆ" ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವ ಕೆಂಪು ಕುಚ್ಚಲಕ್ಕಿ ನಮ್ಮ ಅಜ್ಜಿಯಂದಿರ ದಿನನಿತ್ಯದ ಅನ್ನವಾಗಿತ್ತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದಂಶ ಕಾಳಿನೊಳಗೆ ಇಳಿಯುತ್ತದೆ. ಕೆಂಪು ಪೊರೆ ಉಳಿದಿರುವುದರಿಂದ ನಾರಿನಂಶವೂ ಇರುತ್ತದೆ. ಇದರ ಗಂಜಿ ಬೆಳ್ತಿಗೆ ಅನ್ನದಷ್ಟು ಬೇಗ ಜೀರ್ಣವಾಗುವುದಿಲ್ಲ. ಹಿತ್ತಿಲಲ್ಲಿ ಹರಿವೆ, ಬಸಳೆ, ನುಗ್ಗೆ ಇದ್ದರೆ ಪೇಟೆಗೆ ಹೋಗಬೇಕಿಲ್ಲ. ಒಂದೆಲಗ, ಅಂದರೆ ನಮ್ಮ ತಿಮರೆಯ ಚಟ್ನಿಯೂ ಒಳ್ಳೆಯದೇ. ಚಟ್ನಿಯೆಂದು ತಿನ್ನಿ, ಆತಂಕದ ಔಷಧವೆಂದು ಅಲ್ಲ.

ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇದೆ, ತಿಂದರೆ ಸಂತೋಷ ಉಕ್ಕುತ್ತದೆ ಎಂಬ ಮಾತು ಮೊಬೈಲಿನಲ್ಲಿ ಹರಿದಾಡುತ್ತದೆ. ಹಣ್ಣಿನಲ್ಲಿ ಆ ವಸ್ತು ಇರುವುದೇನೋ ನಿಜ, ಆದರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಬಾಳೆಹಣ್ಣು ತಿನ್ನಲು ಬೇರೆ ಕಾರಣಗಳು ಸಾಕಷ್ಟಿವೆ.

ತಲ್‌ಬೀನ

ಹಝ್ರತ್ ಆಯಿಶಾ(ರ)ರವರು ರೋಗಿಗಳಿಗೂ, ಮರಣದ ದುಃಖದಲ್ಲಿರುವವರಿಗೂ ತಲ್‌ಬೀನ ಎಂಬ ಗಂಜಿಯನ್ನು ಕೊಡಲು ಹೇಳುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ತಂದು ದುಃಖದ ಒಂದಂಶವನ್ನು ಕಳೆಯುತ್ತದೆಂದು ಪ್ರವಾದಿ(ಸ)ರವರಿಂದ ಕೇಳಿರುವುದಾಗಿ ಅವರು ತಿಳಿಸಿದ ವರದಿ ಸಹೀಹ್ ಬುಖಾರಿಯಲ್ಲಿದೆ. ದುಃಖದ ಮನೆಯಲ್ಲಿ ಯಾರಿಗೂ ಹಸಿವಿರುವುದಿಲ್ಲ. ಅಂಥಲ್ಲಿ ನುಂಗಲು ಸುಲಭವಾದ, ಬಿಸಿಯಾದ ಗಂಜಿಯನ್ನು ಒಬ್ಬರು ಕಾಯಿಸಿ ತಂದು ಕೊಡುವುದರಲ್ಲೇ ಎಷ್ಟೊಂದು ಸಾಂತ್ವನವಿದೆ!

ಮಾಡುವ ವಿಧಾನ ಸುಲಭ. ಬಾರ್ಲಿಯನ್ನು ಹದವಾಗಿ ಹುರಿದು ಪುಡಿಮಾಡಿಟ್ಟುಕೊಳ್ಳಿ. ಎರಡು ಚಮಚ ಪುಡಿಯನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹತ್ತು-ಹದಿನೈದು ನಿಮಿಷ ಕೈಯಾಡಿಸುತ್ತಾ ಬೇಯಿಸಿ. ಅರ್ಧ ಲೋಟ ಹಾಲು ಸೇರಿಸಿ ಇಳಿಸಿ. ಸ್ವಲ್ಪ ಆರಿದ ಬಳಿಕ ಒಂದು ಚಮಚ ಜೇನು. ಸಕ್ಕರೆ ಕಾಯಿಲೆಯಿರುವವರು ಜೇನು ಬಿಡಲಿ. ರಾತ್ರಿಯ ಆ ಕೊನೆಯ ಚಹಾದ ಜಾಗಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ರಮಝಾನಿನಲ್ಲಿ ಸಹರಿಗೂ ಆಗುತ್ತದೆ.

ಆಹಾರ ಎಲ್ಲಿಯ ತನಕ?

2017ರಲ್ಲಿ ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾನಿಲಯದ ಫೆಲಿಸ್ ಜಾಕಾ ಮತ್ತು ಸಂಗಡಿಗರು ಖಿನ್ನತೆಯಿದ್ದ 67 ಮಂದಿಯ ಮೇಲೆ 12 ವಾರಗಳ ಪ್ರಯೋಗ ನಡೆಸಿದರು. ಒಂದು ಗುಂಪಿಗೆ ತರಕಾರಿ, ಕಾಳು, ಮೀನು, ಇಡಿಧಾನ್ಯಗಳ ಊಟದ ಮಾರ್ಗದರ್ಶನ, ಇನ್ನೊಂದಕ್ಕೆ ಮಾತುಕತೆಯ ಸಾಂಗತ್ಯ. ಮೊದಲ ಗುಂಪಿನ ಸುಮಾರು 32 ಶೇಕಡಾ ಮಂದಿ ಖಿನ್ನತೆಯಿಂದ ಹೊರಬಂದರೆ ಎರಡನೆಯದರಲ್ಲಿ 8 ಶೇಕಡಾ ಮಾತ್ರ. ಆಶಾದಾಯಕವೇ ಸರಿ. ಆದರೆ ಇದು ಚಿಕ್ಕ ಪ್ರಯೋಗ, ಅದೂ ಖಿನ್ನತೆಯ ಬಗ್ಗೆ. ಅವರಲ್ಲಿ ಹೆಚ್ಚಿನವರು ಔಷಧ ಅಥವಾ ಆಪ್ತಸಲಹೆಯನ್ನೂ ಪಡೆಯುತ್ತಿದ್ದರು. ಆದುದರಿಂದ ಮಾತ್ರೆ ಸೇವಿಸುತ್ತಿರುವವರು ಗಂಜಿಯನ್ನು ನಂಬಿ ಮಾತ್ರೆ ನಿಲ್ಲಿಸಬಾರದು. ಉಪವಾಸದ ತಿಂಗಳಿನಲ್ಲಿ ಔಷಧದ ವೇಳೆ ಬದಲಿಸುವುದಿದ್ದರೂ ವೈದ್ಯರನ್ನು ಕೇಳಿಯೇ ಬದಲಿಸಿ.

ಭಯ ವಾರಗಟ್ಟಲೆ ಬಿಡದಿದ್ದರೆ, ಮನೆಯಿಂದ ಹೊರಡಲು, ಮಕ್ಕಳನ್ನು ನೋಡಿಕೊಳ್ಳಲು ಆಗದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ಮಾನಸಿಕ ತಜ್ಞರನ್ನು ಕಾಣಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ, ಉಡುಪಿಯ ಡಾ. ಎ.ವಿ. ಬಾಳಿಗ ಆಸ್ಪತ್ರೆಯಲ್ಲಿ ಈ ವಿಭಾಗಗಳಿವೆ. ಹೊರಡಲು ಸಾಧ್ಯವಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2017ರಲ್ಲಿ ನಮ್ಮ ದೇಶದ ಸುಮಾರು ನಾಲ್ಕೂವರೆ ಕೋಟಿ ಜನರಿಗೆ ಆತಂಕದ ಕಾಯಿಲೆಯಿತ್ತೆಂದು ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ ಲೆಕ್ಕ ಹೇಳುತ್ತದೆ. ಅವರಲ್ಲಿ ಮಹಿಳೆಯರೇ ಹೆಚ್ಚು. ಇಷ್ಟು ಮಂದಿಯ ಈಮಾನ್ ದುರ್ಬಲವೆಂದು ಯಾರಾದರೂ ಹೇಳಿಯಾರೇ?

ಆ ಸಹೋದರಿ ಮೂರು ತಿಂಗಳು ಕಬ್ಬಿಣದ ಮಾತ್ರೆ ಸೇವಿಸಿದರು. ಚಹಾ ಈಗ ಎರಡು ಲೋಟಕ್ಕೆ ಇಳಿದಿದೆ. ಪತಿಗೆ ವಿಷಯ ತಿಳಿಸಿದಾಗ ಅವರು ಹಗಲಿನ ಬಿಡುವಿನಲ್ಲೇ ಕರೆ ಮಾಡತೊಡಗಿದರು. ಹಿಮೋಗ್ಲೋಬಿನ್ ಏರಿತು, ರಾತ್ರಿಯ ಎದೆಬಡಿತ ಬಹಳಷ್ಟು ಇಳಿಯಿತು. ಭಯ ಮಾತ್ರ ಪೂರ್ತಿ ಹೋಗಲಿಲ್ಲ. ಅದಕ್ಕಾಗಿ ತಿಂಗಳಿಗೊಮ್ಮೆ ಆಪ್ತಸಲಹೆಗೆ ಹೋಗುತ್ತಿದ್ದಾರೆ. ಮೊದಲ ಸಲ ಆಕೆಯ ಜೊತೆ ಬಸ್ಸು ಹತ್ತಿದ್ದು ಅತ್ತೆ. ಈಗ ಮಧ್ಯಾಹ್ನ ಸೊಸೆಯ ಪಾಲಿನ ಮೀನನ್ನು ತೆಗೆದು ಮುಚ್ಚಿಡುವುದೂ ಅವರೇ.