ಸ್ಕಾಟ್ಸ್ ಮತ್ತು ಉತ್ತರ ಇಂಗ್ಲಿಷಿನ ಕೆಲವು ದೇಶ್ಯಪದಗಳ ಮೂಲ

ರಾಬರ್ಟ್ ಬರ್ನ್ಸ್ ಕವಿಯ ಪದ್ಯಗಳನ್ನು ತರಗತಿಯಲ್ಲಿ ಓದುವಾಗ ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವ ತೊಡಕು ಶಬ್ದಗಳದು. ಮಗುವಿಗೆ ‘ಬೇರ್ನ್’, ಚರ್ಚಿಗೆ ‘ಕಿರ್ಕ್’, ಇಲಿಗೆ ‘ಮೂಸ್’, ಸೇತುವೆಗೆ ‘ಬ್ರಿಗ್’ ಎಂಬ ರೂಪಗಳನ್ನು ಕಂಡಾಗ, ಇವು ಇಂಗ್ಲಿಷಿನ ಕೆಟ್ಟ ಉಚ್ಚಾರಣೆಗಳೆಂದು ಭಾವಿಸಿ, ಅಡಿಟಿಪ್ಪಣಿಯ ಅರ್ಥವನ್ನು ಬರೆದುಕೊಂಡು ಮುಂದೆ ಸಾಗುವುದು ರೂಢಿ. ಸ್ವಲ್ಪ ಹೆಚ್ಚು ಓದಿದವರು ಇನ್ನೊಂದು ತುದಿಗೆ ಹೋಗಿ, ಇವೆಲ್ಲ ವೈಕಿಂಗರು ತಂದ ನಾರ್ಸ್ ಭಾಷೆಯ ಪದಗಳೆಂದು ಹೇಳಿಬಿಡುತ್ತಾರೆ. ನಾವು ಪರಿಶೀಲಿಸಿದಂತೆ ಎರಡು ಮಾತೂ ನಿಲ್ಲುವುದಿಲ್ಲ. ಈ ನಾಲ್ಕು ಪದಗಳ ಚರಿತ್ರೆಯೂ ಒಂದೇ ಬಗೆಯದಲ್ಲ.

ಈ ಎರಡು ತಪ್ಪುಗಳೂ ಇಂದಿನವಲ್ಲ. ತತ್ತ್ವಜ್ಞಾನಿಯಾದ ಡೇವಿಡ್ ಹ್ಯೂಮ್ 1752ರಲ್ಲಿ, ಸಭ್ಯರ ಬರಹದಿಂದ ದೂರವಿಡಬೇಕಾದ ಸ್ಕಾಟ್ಸ್ ಪ್ರಯೋಗಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಅವನೂ ಸ್ಕಾಟ್ಲೆಂಡಿನವನೇ. ಇದಕ್ಕೆ ಎದುರಾಗಿ ನಿಂತವನು ಪಾದ್ರಿ ಜಾನ್ ಜೇಮಿಸನ್. 1808ರಲ್ಲಿ ಹೊರಬಂದ ಅವನ ಸ್ಕಾಟ್ಸ್ ವ್ಯುತ್ಪತ್ತಿಕೋಶ ಇಂದಿಗೂ ಗೌರವಾರ್ಹ ಗ್ರಂಥ. ಆದರೆ ತನ್ನ ನುಡಿ ಇಂಗ್ಲಿಷಿನ ಅಪಭ್ರಂಶವಲ್ಲವೆಂದು ಸ್ಥಾಪಿಸುವ ಉತ್ಸಾಹದಲ್ಲಿ ಅವನು, ಪಿಕ್ಟ್ ಜನರು ಸ್ಕಾಂಡಿನೇವಿಯದ ಕಡೆಯವರೆಂದೂ ಸ್ಕಾಟ್ಸ್ ಅವರ ಭಾಷೆಯಿಂದಲೇ ಇಳಿದುಬಂದಿತೆಂದೂ ವಾದಿಸಿದನು. ಈ ವಾದವನ್ನು ಈಗ ಯಾರೂ ಒಪ್ಪುವುದಿಲ್ಲ. ನುಡಿಯ ಮಾನವನ್ನು ಉಳಿಸಲು ಇಲ್ಲದ ವಂಶಾವಳಿಯನ್ನು ಕಟ್ಟಬೇಕಾದ ಅಗತ್ಯವೇ ಅವನಿಗೆ ಇರಲಿಲ್ಲ.

ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. 7ನೆಯ ಶತಮಾನದಲ್ಲಿ ಹಂಬರ್ ನದಿಯಿಂದ ಫೋರ್ತ್ ಅಳಿವೆಯವರೆಗೆ ಆಂಗ್ಲರ ನಾರ್ತಂಬ್ರಿಯಾ ರಾಜ್ಯ ಹಬ್ಬಿತ್ತು. ಅಲ್ಲಿನ ಪ್ರಾಚೀನ ಇಂಗ್ಲಿಷೇ ಉತ್ತರ ಇಂಗ್ಲಿಷಿಗೂ ಸ್ಕಾಟ್ಸಿಗೂ ಸಮಾನವಾದ ತಾಯಿಬೇರು. ಡೇನರ ಸೈನ್ಯ 866ರಲ್ಲಿ ಯಾರ್ಕ್ ನಗರವನ್ನು ಹಿಡಿದು, 876ರಲ್ಲಿ ಸುತ್ತಲಿನ ಭೂಮಿಯನ್ನು ಹಂಚಿಕೊಂಡು ನೆಲೆಸಿತು. 954ರ ವರೆಗೆ ಅಲ್ಲಿ ಸ್ಕಾಂಡಿನೇವಿಯದ ಅರಸರು ಆಗಾಗ ಆಳಿದರು. ಆಂಗ್ಲರ ನುಡಿಯೂ ನಾರ್ಸೂ ಒಂದೇ ಜರ್ಮಾನಿಕ್ ಕುಲದ ದಾಯಾದಿ ಭಾಷೆಗಳಾದ್ದರಿಂದ ಯಾವುದು ಯಾರ ಸೊತ್ತೆಂದು ಹೇಳುವುದು ಕಷ್ಟ. ಧ್ವನಿ, ಅರ್ಥ, ಪ್ರಚಾರದ ಪ್ರದೇಶ ಈ ಮೂರನ್ನೂ ಕೂಡಿಸಿಯೇ ತೀರ್ಮಾನಿಸಬೇಕು.

ಮೊದಲು ‘ಕಿರ್ಕ್’. ಪ್ರಾಚೀನ ಇಂಗ್ಲಿಷಿನಲ್ಲಿ ಇ, ಎ ಸ್ವರಗಳ ನೆರೆಯ ಕಕಾರ ತಾಲವ್ಯವಾಗಿ ಚಕಾರಕ್ಕೆ ತಿರುಗಿತು. ಹೀಗೆ ‘ಚರ್ಚ್’ ಆಯಿತು. ನಾರ್ಸ್ ಭಾಷೆ ಕಕಾರವನ್ನೇ ಉಳಿಸಿಕೊಂಡಿತ್ತು. ಕನ್ನಡದ ‘ಕಿವಿ’, ‘ಕಿರು’ ಎಂಬವಕ್ಕೆ ತಮಿಳಿನಲ್ಲಿ ‘ಚೆವಿ’, ‘ಚಿರು’ ಎಂದಿರುವುದನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಬಗೆಯ ಮಾರ್ಪಾಡು ಅಪರಿಚಿತವಲ್ಲ. (ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ ಬೆಳೆದದ್ದು ಗ್ಲಾಸ್ಗೋ ನಗರದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.) ಆದರೆ ಒಂದು ಭೇದವುಂಟು. ಕನ್ನಡದ ಕಕಾರ ಹುಟ್ಟಿನಿಂದ ಬಂದದ್ದು; ‘ಕಿರ್ಕ್’ ಪದದ ಕಕಾರವಾದರೋ ನಾರ್ಸ್ ಜನರ ‘ಕಿರ್ಕ್ಯಾ’ದಿಂದ ಬಂದದ್ದೆಂಬುದು ಬಹುಜನ ವಿದ್ವಾಂಸರ ಮತ. ಸ್ವಾರಸ್ಯವೆಂದರೆ ನಾರ್ಸ್ ಜನರಿಗೂ ಅದು ಸ್ವಂತದ್ದಲ್ಲ. ಕ್ರೈಸ್ತಮತದ ಶಬ್ದಗಳನ್ನು ಅವರು ಕಲಿತದ್ದೇ ಇಂಗ್ಲೆಂಡ್, ಜರ್ಮನಿಗಳ ಕಡೆಯ ಬೋಧಕರಿಂದ. ಅದರಾಚೆಗೆ ಮೂಲ ಗ್ರೀಕಿನಲ್ಲಿದೆ. ಕೊಟ್ಟ ಪದ ವೇಷ ಬದಲಿಸಿಕೊಂಡು ಹಿಂದಿರುಗಿ ಬಂದಂತಾಯಿತು.

‘ಬ್ರಿಗ್’ ಇನ್ನೂ ಜಟಿಲ. ಗಕಾರದ ಧ್ವನಿ ನಾರ್ಸಿನದು. ಆದರೆ ನಾರ್ಸಿನ ‘ಬ್ರಿಗ್ಗ್ಯಾ’ ಎಂದರೆ ಮುಖ್ಯವಾಗಿ ಹಡಗು ನಿಲ್ಲುವ ಕಟ್ಟೆ. ನಾರ್ವೆಯ ಬೆರ್ಗೆನ್ ನಗರದ ಹಳೆಯ ಬಂದರುಕಟ್ಟೆಯನ್ನು ಇಂದಿಗೂ ‘ಬ್ರಿಗ್ಗೆನ್’ ಎನ್ನುತ್ತಾರೆ. ಸೇತುವೆಯೆಂಬ ಅರ್ಥ ಇಂಗ್ಲಿಷಿನದು. ಆದ್ದರಿಂದ ಇದನ್ನು ನಾರ್ಸ್ ಪದವೆನ್ನುವುದಕ್ಕಿಂತ, ನಾರ್ಸ್ ನಾಲಿಗೆಯಲ್ಲಿ ಉರುಳಿದ ಇಂಗ್ಲಿಷು ಪದವೆಂದರೆ ಹೆಚ್ಚು ಸರಿಯಾದೀತು.

ಪ್ರದೇಶದ ಸಾಕ್ಷ್ಯಕ್ಕೆ ಹಳ್ಳದ ಹೆಸರುಗಳನ್ನು ನೋಡಬೇಕು. ಯಾರ್ಕ್‌ಷೈರಿನಲ್ಲಿಯೂ ಕಂಬರ್ಲೆಂಡಿನಲ್ಲಿಯೂ ಸಣ್ಣ ಹಳ್ಳ ‘ಬೆಕ್’, ಇದು ನಾರ್ಸ್. ಉತ್ತರಕ್ಕೆ ನಾರ್ತಂಬರ್ಲೆಂಡಿಗೂ ಸ್ಕಾಟ್ಲೆಂಡಿಗೂ ಹೋದರೆ ಅದೇ ಹಳ್ಳ ‘ಬರ್ನ್’. ಇದು ಹಳೆಯ ಇಂಗ್ಲಿಷು. ವೈಕಿಂಗರು ದಟ್ಟವಾಗಿ ನೆಲೆಸಿದ ಸೀಮೆಯ ಎಲ್ಲೆಯನ್ನು ನೀರೇ ತೋರಿಸುತ್ತದೆ. ಈಗ ‘ಬೇರ್ನ್’ ಪದವನ್ನು ಗಮನಿಸಿರಿ. ನಾರ್ಸಿನಲ್ಲಿ ‘ಬಾರ್ನ್’ ಎಂಬುದು ಇದ್ದೇ ಇದೆ. ಆದುದರಿಂದ ಎರವಲು ಎನ್ನುವುದು ಸುಲಭ. ಆದರೆ ಈ ಪದ ‘ಬೆಕ್’ ಸೀಮೆಯಲ್ಲಿರುವಂತೆ ‘ಬರ್ನ್’ ಸೀಮೆಯಲ್ಲಿಯೂ ಬಳಕೆಯಲ್ಲಿದೆ. ಅಲ್ಲದೆ ದಕ್ಷಿಣದ ಪ್ರಾಚೀನ ಇಂಗ್ಲಿಷಿನಲ್ಲಿಯೂ ‘ಬೆಅರ್ನ್’ ಎಂಬ ರೂಪ ಧಾರಾಳವಾಗಿ ಸಿಕ್ಕುತ್ತದೆ. ದಕ್ಷಿಣದವರು ಅದನ್ನು ಕಳೆದುಕೊಂಡರು, ಉತ್ತರದವರು ಉಳಿಸಿಕೊಂಡರು. ನಾರ್ಸ್ ನೆರೆಹೊರೆಯವರ ಬಾಯಲ್ಲಿಯೂ ಅದೇ ಪದವಿದ್ದುದು ಉಳಿವಿಗೆ ನೆರವಾಗಿರಬಹುದು, ಅಷ್ಟೆ.

‘ಮೂಸ್’ ಎಂಬುದನ್ನಂತೂ ನಾರ್ಸಿಗೆ ಒಪ್ಪಿಸಲು ಕಾರಣವೇ ಇಲ್ಲ. ಪ್ರಾಚೀನ ಇಂಗ್ಲಿಷಿನ ಉಚ್ಚಾರಣೆಯೇ ‘ಮೂಸ್’. ಸುಮಾರು 15ನೆಯ ಶತಮಾನದಿಂದ ದಕ್ಷಿಣದಲ್ಲಿ ದೀರ್ಘಸ್ವರಗಳು ಸಾಲಾಗಿ ಸ್ಥಾನ ಬದಲಿಸಿದವು. ಓಕಾರ ಮೇಲೇರಿ ಊಕಾರದ ಜಾಗಕ್ಕೆ ಬಂದಿತು, ಊಕಾರ ಔಕಾರವಾಗಿ ಸರಿದು ‘ಮೌಸ್’ ಆಯಿತು. ಉತ್ತರದಲ್ಲಿ ಓಕಾರ ಅದಕ್ಕೆ ಮೊದಲೇ ಬಾಯಿಯ ಮುಂಭಾಗಕ್ಕೆ ಜಾರಿದ್ದುದರಿಂದ ಊಕಾರವನ್ನು ತಳ್ಳುವವರೇ ಇರಲಿಲ್ಲ. ಇದು ನಾರ್ಸಿನ ಪ್ರಭಾವವಲ್ಲವೆಂಬುದಕ್ಕೆ ಬಲವಾದ ಆಧಾರ ‘ಕ್ರೂನ್’ ಎಂಬ ರೂಪ. ‘ಕ್ರೌನ್’ ಫ್ರೆಂಚಿನಿಂದ ಬಂದ ಪದ. ವೈಕಿಂಗರಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಸ್ಕಾಟ್ಸಿನಲ್ಲಿ ಅದಕ್ಕೂ ಊಕಾರವೇ.

ನಿಸ್ಸಂದೇಹವಾದ ನಾರ್ಸ್ ಪದ ಬೇಕೆಂದರೆ ಯಾರ್ಕ್ ನಗರಕ್ಕೆ ಹೋಗಬೇಕು. ಅಲ್ಲಿ ‘ಗೇಟ್’ ಎಂದರೆ ಬೀದಿ. ಕೋಟೆಯ ಬಾಗಿಲಿಗೆ ‘ಬಾರ್’ ಎಂಬ ಫ್ರೆಂಚ್ ಮೂಲದ ಹೆಸರು. ಹೊಸಬರು ತಬ್ಬಿಬ್ಬಾಗುವುದು ಸಹಜ. ‘ಕಾಪರ್‌ಗೇಟ್’ ಎಂಬ ಬೀದಿಗೂ ತಾಮ್ರಕ್ಕೂ ಸಂಬಂಧವಿಲ್ಲ. ಅದು ಮರದ ಬಟ್ಟಲು ಕಡೆಯುವವರ ಬೀದಿ. 1976ರಿಂದ 1981ರ ವರೆಗೆ ಅಲ್ಲಿ ಉತ್ಖನನ ನಡೆದಾಗ ವೈಕಿಂಗರ ಕಾಲದ ಮರಗೆಲಸದ ಚೂರುಗಳು, ಬಟ್ಟಲು ಕಡೆದುಳಿದ ತಿರುಳುಗಳು ಸಿಕ್ಕಿದುವು. ವ್ಯುತ್ಪತ್ತಿಕಾರರಿಗೆ ಇಂಥ ಭಾಗ್ಯ ಅಪೂರ್ವ.

ಇಂಥ ಪದಗಳು ಸ್ಕಾಟ್ಲೆಂಡಿನ ತಗ್ಗುಸೀಮೆಗೆ ಹೋದದ್ದು ವೈಕಿಂಗರ ಹಡಗುಗಳಲ್ಲಿ ಎಂಬ ಕಲ್ಪನೆಯನ್ನೂ ತಿದ್ದಿಕೊಳ್ಳಬೇಕು. ಮೊದಲನೆಯ ಡೇವಿಡ್ ದೊರೆ (1124–1153) ವ್ಯಾಪಾರದ ಪಟ್ಟಣಗಳನ್ನು ಸ್ಥಾಪಿಸಿದಾಗ ಉತ್ತರ ಇಂಗ್ಲೆಂಡಿನ ವರ್ತಕರೂ ಕುಶಲಕರ್ಮಿಗಳೂ ಅಲ್ಲಿಗೆ ಬಂದು ನೆಲೆಸಿದರು. ನಾರ್ಸ್ ಬೆರೆತ ಇಂಗ್ಲಿಷು ಅವರೊಡನೆ ಬಂದಿತು. ಆರ್ಕ್ನಿ, ಷೆಟ್ಲೆಂಡ್ ದ್ವೀಪಗಳ ಮಾತು ಬೇರೆ. 1468–69ರಲ್ಲಿ ಸ್ಕಾಟ್ಲೆಂಡಿಗೆ ಒತ್ತೆಯಾಗಿ ಬರುವವರೆಗೆ ಅವು ಸ್ಕಾಂಡಿನೇವಿಯದ ದೊರೆಗಳವು. ಅಲ್ಲಿ ನಾರ್ಸಿನ ಮಗಳಾದ ನಾರ್ನ್ ಭಾಷೆಯೇ ನಡೆಯುತ್ತಿತ್ತು. ಅದು ಅಳಿದ ಮೇಲೆ, 1893–95ರಲ್ಲಿ ಫೆರೋ ದ್ವೀಪದ ವಿದ್ವಾಂಸ ಯಾಕೊಬ್ಸೆನ್ ಷೆಟ್ಲೆಂಡಿನ ಮನೆಮನೆಗಳಲ್ಲಿ ಸುಮಾರು 10,000 ಪದಗಳನ್ನು ಸಂಗ್ರಹಿಸಿದನು.

ಗೇಲಿಕ್ಕಿನಿಂದ ಬಂದ ‘ಲಾಖ್’, ‘ಗ್ಲೆನ್’ಗಳನ್ನೂ ಫ್ರೆಂಚಿನಿಂದ ಬಂದ ‘ಆಷೆಟ್’ (ದೊಡ್ಡ ತಟ್ಟೆ) ಮೊದಲಾದವನ್ನೂ ಇಲ್ಲಿ ಹೆಸರಿಸಿದರೆ ಸಾಕು. ಅವುಗಳ ಬಗ್ಗೆ ವಿವಾದವಿಲ್ಲ. ವಿವಾದವಿರುವುದು ಉತ್ತರದ ಕುರುಬರು ಕುರಿ ಎಣಿಸಲು ಬಳಸುತ್ತಿದ್ದ ಸಂಖ್ಯೆಗಳಲ್ಲಿ. ‘ಯಾನ್’ ಎಂಬ ಒಂದು ಉತ್ತರ ಇಂಗ್ಲಿಷೇ ಸರಿ. ಆದರೆ ನಾಲ್ಕಕ್ಕೆ ‘ಪೆದೆರಾ’, ಹತ್ತಕ್ಕೆ ‘ದಿಕ್’, ಹದಿನೈದಕ್ಕೆ ‘ಬಂಫಿಟ್’ ಎನ್ನುವಾಗ ವೇಲ್ಸ್ ಭಾಷೆಯ ‘ಪೆದ್ವಾರ್’, ‘ದೆಗ್’, ‘ಪಮ್‌ಥೆಗ್’ ಎಂಬವು ಕಿವಿಗೆ ಬೀಳದಿರವು. ಆಂಗ್ಲರಿಗಿಂತ ಮೊದಲು ಅಲ್ಲಿದ್ದ ಬ್ರಿಟನ್ನರ ಕಂಬ್ರಿಕ್ ಭಾಷೆ ಕುರಿದೊಡ್ಡಿಯಲ್ಲಿ ಸಾವಿರ ವರ್ಷ ಬದುಕಿತೆಂಬ ಊಹೆ ಮನೋಹರವಾದದ್ದು. ಆದರೆ ಈ ಎಣಿಕೆಯ ಲಿಖಿತ ದಾಖಲೆಗಳು 18ನೆಯ ಶತಮಾನಕ್ಕಿಂತ ಹಿಂದೆ ಹೋಗುವುದಿಲ್ಲ. ಬಹಳ ಮುಂದೆ ವೇಲ್ಸಿನಿಂದ ಬಂದವರು ಅದನ್ನು ತಂದಿರಲೂಬಹುದು. ಹಳೆಯ ದಾಖಲೆಯೊಂದು ದೊರೆಯುವವರೆಗೆ ನಾವು ಯಾವ ಪಕ್ಷವನ್ನೂ ಹಿಡಿಯಲಾರೆವು.