ಮಳೆಯಲ್ಲಿ ನೆನೆದ ಮೋಟಾರು ಏಕೆ ಹೊರಡದು?

ಮುಂಬಯಿಯ ಮಳೆಗಾಲವನ್ನು ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ರಾತ್ರಿಯೆಲ್ಲ ಜಡಿಮಳೆ ಸುರಿದ ಮರುದಿನ, ಬೀದಿಯ ಅಂಚಿನಲ್ಲಿ ನಿಂತ ಹಳೆಯ ಮೋಟಾರುಗಳಲ್ಲಿ ಒಂದೆರಡಾದರೂ ಹಟ ಹಿಡಿಯುವುದುಂಟು. ಚಾಲಕನು ಕೀಲಿಕೈಯನ್ನು ತಿರುಗಿಸುತ್ತಾನೆ; ಎಂಜಿನ್ನು ಗರಗರನೆ ಸುತ್ತುತ್ತದೆ; ಆದರೆ ಹೊತ್ತಿಕೊಳ್ಳುವುದಿಲ್ಲ. ಹಿಂದಿನ ಸಂಜೆ ಚೆನ್ನಾಗಿಯೇ ಓಡಿದ ಗಾಡಿಗೆ ಒಂದೇ ರಾತ್ರಿಯಲ್ಲಿ ಏನಾಯಿತು? ಈ ಪ್ರಶ್ನೆಗೆ ಉತ್ತರವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಈ ಲೇಖನದಲ್ಲಿ ನೋಡೋಣ.

ಉದಾಹರಣೆಗೆ ಪ್ರೀಮಿಯರ್ ಪದ್ಮಿನಿಯನ್ನು ತೆಗೆದುಕೊಳ್ಳಬಹುದು. ಇಟಲಿಯ ಫಿಯೆಟ್ 1100 ಗಾಡಿಯ ಮಾದರಿಯಲ್ಲಿ ನಮ್ಮ ಕುರ್ಲಾದಲ್ಲಿಯೇ ತಯಾರಾದ ಗಾಡಿ ಇದು. ದಶಕಗಳ ಕಾಲ ಈ ನಗರದ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಪದ್ಮಿನಿಯೇ ಆಗಿದ್ದಿತು. ಟ್ಯಾಕ್ಸಿಗಳಿಗೆ ಗೊತ್ತುಪಡಿಸಿದ 20 ವರ್ಷಗಳ ಮಿತಿ ಮುಗಿದು, 2023ರ ಅಕ್ಟೋಬರಿನಲ್ಲಿ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯು ನಿವೃತ್ತಿ ಹೊಂದಿತು. ಆದರೂ ಅಕ್ಕರೆಯಿಂದ ಕಾಪಾಡಿಕೊಂಡವರ ಬಳಿ ಕೆಲವು ಗಾಡಿಗಳು ಉಳಿದಿವೆ. ಬಾನೆಟ್ಟನ್ನು ಎತ್ತಿದರೆ ಅದರ ಮುಖ್ಯ ಅಂಗಗಳೆಲ್ಲವೂ ಕಣ್ಣಿಗೆ ಕಾಣುವುದರಿಂದ, ಕಲಿಯುವವರಿಗೆ ಅದೊಂದು ತೆರೆದ ಪಾಠಪುಸ್ತಕ.

ಪೆಟ್ರೋಲಿನ ಎಂಜಿನ್ನು ನಡೆಯಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ಪೆಟ್ರೋಲು ಮತ್ತು ಗಾಳಿ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು, ಆ ಮಿಶ್ರಣವು ಸಿಲಿಂಡರಿನಲ್ಲಿ ಒತ್ತಲ್ಪಡಬೇಕು, ಸರಿಯಾದ ಗಳಿಗೆಯಲ್ಲಿ ಅದಕ್ಕೆ ಕಿಡಿ ತಗಲಬೇಕು. ಮಳೆಯು ಸಾಮಾನ್ಯವಾಗಿ ಕೆಡಿಸುವುದು ಮೂರನೆಯದನ್ನು.

ಈ ಕಿಡಿಯ ಕಥೆ ಸ್ವಾರಸ್ಯವಾದುದು. ಗಾಡಿಯ ಬ್ಯಾಟರಿಯ ವಿದ್ಯುತ್ ಒತ್ತಡ ಬರಿಯ 12 ವೋಲ್ಟು. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಚಿಕ್ಕ ಸಂದನ್ನು ಹಾರಿ ಕಿಡಿಯಾಗಲು ಹತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಬೇಕು. 1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ವಿದ್ಯುತ್ ಪ್ರೇರಣೆಯ ತತ್ವವೇ ಇಲ್ಲಿ ನೆರವಿಗೆ ಬರುತ್ತದೆ. ಕಾಯಿಲ್ ಎಂಬ ಅಂಗದಲ್ಲಿ ದಪ್ಪ ತಂತಿಯ ಕೆಲವೇ ನೂರು ಸುತ್ತುಗಳೂ, ಸಪೂರ ತಂತಿಯ ಹಲವು ಸಾವಿರ ಸುತ್ತುಗಳೂ ಇವೆ. ಮೊದಲನೆಯದರಲ್ಲಿ ಹರಿಯುವ ಪ್ರವಾಹವನ್ನು 'ಪಾಯಿಂಟು' ಎಂಬ ಪುಟ್ಟ ಕೊಂಡಿಯು ತಟ್ಟನೆ ಕಡಿದಾಗ, ಎರಡನೆಯದರಲ್ಲಿ ಭಾರಿ ಒತ್ತಡ ಹುಟ್ಟುತ್ತದೆ. ಗ್ಯಾರೇಜುಗಳಲ್ಲಿ 'ಡೆಲ್ಕೋ' ಎಂದೂ ಕರೆಯುವ ಡಿಸ್ಟ್ರಿಬ್ಯೂಟರು ಅದನ್ನು ನಾಲ್ಕು ಪ್ಲಗ್ಗುಗಳಿಗೂ ಸರದಿಯಂತೆ ಹಂಚುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳು ಸಿಡಿಯುತ್ತವೆ!

ಇಷ್ಟು ಒತ್ತಡದ ವಿದ್ಯುತ್ತಿಗೆ ಸುಲಭವಾದ ದಾರಿ ಸಿಕ್ಕಿದರೆ ಕಷ್ಟದ ಸಂದನ್ನು ಅದೇಕೆ ಹಾರೀತು? ಶುದ್ಧವಾದ ನೀರು ವಿದ್ಯುತ್ತನ್ನು ಅಷ್ಟಾಗಿ ಒಯ್ಯುವುದಿಲ್ಲ. ಆದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆಯೂ ತಂತಿಗಳ ಮೇಲೆಯೂ ಧೂಳು, ಮಸಿ, ಕಡಲ ಗಾಳಿ ತಂದ ಉಪ್ಪು ಇವೆಲ್ಲ ಕುಳಿತಿರುತ್ತವೆ. ತೇವವು ಇವುಗಳೊಡನೆ ಸೇರಿದಾಗ ತೆಳುವಾದ ವಿದ್ಯುತ್ ಮಾರ್ಗವೊಂದು ಏರ್ಪಡುತ್ತದೆ. ಕಿಡಿಯಾಗಬೇಕಾದ ಶಕ್ತಿಯು ಆ ಮಾರ್ಗದಿಂದ ಎಂಜಿನ್ನಿನ ಲೋಹಕ್ಕೆ ಸೋರಿಹೋಗುತ್ತದೆ. ಬಿರುಕು ಬಿಟ್ಟ ಹಳೆಯ ತಂತಿಯಾದರಂತೂ ಕತ್ತಲೆಯಲ್ಲಿ ಅದರ ಮೈಮೇಲೆ ನೀಲಿಯ ಕಿಡಿಗಳು ಹರಿದಾಡುವುದನ್ನು ಕಣ್ಣಾರೆ ಕಾಣಬಹುದು.

ಓಡುತ್ತಿರುವ ಗಾಡಿಗಿಂತ ಹೊರಡುವ ಗಾಡಿಗೆ ಈ ತೊಂದರೆ ಹೆಚ್ಚು, ಅದಕ್ಕೂ ಕಾರಣವಿದೆ. ಸ್ಟಾರ್ಟರು ಎಂಜಿನ್ನನ್ನು ತಿರುಗಿಸುವಾಗ ಬಹಳಷ್ಟು ವಿದ್ಯುತ್ತನ್ನು ಸೆಳೆಯುವುದರಿಂದ ಬ್ಯಾಟರಿಯ ಒತ್ತಡವು 10 ವೋಲ್ಟಿನ ಸುಮಾರಿಗೆ ಇಳಿಯುತ್ತದೆ. ಹೀಗಾಗಿ ಕಿಡಿಯು ಅತ್ಯಂತ ದುರ್ಬಲವಾಗಿರುವುದು ಹೊರಡುವ ಗಳಿಗೆಯಲ್ಲಿಯೇ. ಒಮ್ಮೆ ಹೊತ್ತಿಕೊಂಡರೆ ಎಂಜಿನ್ನಿನ ಬಿಸಿಯೇ ತೇವವನ್ನು ಆರಿಸುತ್ತದೆ.

ಇನ್ನು ಪರೀಕ್ಷೆಯ ಕ್ರಮ. ವೈದ್ಯನು ನಾಡಿಯನ್ನು ನೋಡದೆ ಔಷಧವನ್ನು ಕೊಡುವುದಿಲ್ಲ. ಇಲ್ಲಿಯೂ ಒಂದೊಂದೇ ಪ್ರಶ್ನೆಯನ್ನು ಕೇಳಬೇಕು.

ಮೊದಲನೆಯದಾಗಿ, ಎಂಜಿನ್ನು ಸುತ್ತುತ್ತದೆಯೇ? 'ಟಕ್' ಎಂಬ ಸದ್ದಷ್ಟೇ ಬಂದು ದೀಪಗಳು ಮಂಕಾದರೆ ದೋಷವು ಬ್ಯಾಟರಿಯಲ್ಲಿಯೋ, ತುಕ್ಕು ಹಿಡಿದ ಅದರ ತುದಿಗಳಲ್ಲಿಯೋ ಇರುವ ಸಂಭವವೇ ಹೆಚ್ಚು.

ಎರಡನೆಯದಾಗಿ, ಎಂಜಿನ್ನು ಸುತ್ತಿಯೂ ಹೊತ್ತದಿದ್ದರೆ, ಕಿಡಿ ಬರುತ್ತಿದೆಯೇ? ಪ್ಲಗ್ಗೊಂದನ್ನು ಬಿಚ್ಚಿ, ಅದರ ತಂತಿಯನ್ನು ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ನಿನ ಲೋಹಕ್ಕೆ ತಗಲುವಂತೆ ಇಟ್ಟು ಎಂಜಿನ್ನನ್ನು ಸುತ್ತಿಸಬೇಕು. ಬಲವಾದ ನೀಲಿ ಕಿಡಿ ಕಂಡರೆ ಆ ಮಾರ್ಗ ಸರಿಯಾಗಿದೆ. ಕಾಣದಿದ್ದರೆ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ನಡುತಂತಿಯನ್ನು ಕಳಚಿ, ಅದರ ತುದಿಯನ್ನು ಲೋಹಕ್ಕೆ ಕೆಲವು ಮಿಲಿಮೀಟರು ದೂರದಲ್ಲಿಟ್ಟು ನೋಡಬೇಕು. ಇಲ್ಲಿ ಕಿಡಿ ಬಂದರೆ ದೋಷವು ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅದರೊಳಗೆ ತಿರುಗುವ ರೋಟರು, ಪ್ಲಗ್ಗಿನ ತಂತಿ ಇವುಗಳಲ್ಲಿದೆ. ಬಾರದಿದ್ದರೆ ಕಾಯಿಲು, ಪಾಯಿಂಟು, ಕಂಡೆನ್ಸರುಗಳ ಕಡೆಗೆ ಹೋಗಬೇಕು. ಹೀಗೆ ಒಂದೇ ಪರೀಕ್ಷೆಯಿಂದ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಮುಚ್ಚಳವನ್ನು ತೆಗೆದು ಒಳಗೂ ಹೊರಗೂ ಒಣಬಟ್ಟೆಯಿಂದ ಒರಸಿದರೆ ಎಷ್ಟೋ ವೇಳೆ ಗಾಡಿ ಹೊರಟುಬಿಡುತ್ತದೆ. ಒಳಗೆ ಕೂದಲಿನಂಥ ಕಪ್ಪು ಗೆರೆ ಕಂಡರೆ ಒರಸಿ ಪ್ರಯೋಜನವಿಲ್ಲ. ಅದು ವಿದ್ಯುತ್ತು ಸುಟ್ಟುಕೊಂಡು ಮಾಡಿದ ದಾರಿ. ಹೊಸ ಮುಚ್ಚಳವನ್ನೇ ಹಾಕಬೇಕು.

ಮೂರನೆಯದಾಗಿ, ಕಿಡಿ ಸರಿಯಿದ್ದರೆ ಪೆಟ್ರೋಲು ತಲಪುತ್ತಿದೆಯೇ? ಬಿಚ್ಚಿದ ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ತೊಯ್ದು ವಾಸನೆ ಬೀರಿದರೆ ಅತಿಯಾಗಿ ಬಂದಿದೆ. ಟ್ಯಾಂಕಿಗೆ ನೀರು ಇಳಿದಿದೆಯೆಂಬ ಅನುಮಾನವಿದ್ದರೆ, ಕಾರ್ಬುರೇಟರಿನ ತಳದಿಂದ ಸ್ವಲ್ಪವನ್ನು ಗಾಜಿನ ಸೀಸೆಗೆ ತೆಗೆಯಬೇಕು. ಪೆಟ್ರೋಲಿಗಿಂತ ಭಾರವಾದ ನೀರು ಕೆಳಗೆ ಬೇರೆಯ ಪದರವಾಗಿ ನಿಲ್ಲುತ್ತದೆ.

ಆದರೆ ಮಳೆಯಲ್ಲಿ ನೆನೆದ ಗಾಡಿ ಬೇರೆ, ನೆರೆಯಲ್ಲಿ ಮುಳುಗಿದ ಗಾಡಿ ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದು ನಗರವು ಜಲಮಯವಾದುದನ್ನು ಹಿರಿಯರಿಂದ ಕೇಳಿರುವಿರಿ. ಎಂಜಿನ್ನಿನ ಮಟ್ಟಕ್ಕೆ ನೀರು ಏರಿದ ಗಾಡಿಯ ಕೀಲಿಕೈಯನ್ನು ತಿರುಗಿಸಲೇಕೂಡದು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು. ಸಿಲಿಂಡರಿನಲ್ಲಿ ನೀರಿದ್ದಾಗ ಮೇಲೇರುವ ಪಿಸ್ಟನ್ನಿಗೆ ಎಡೆ ಸಿಕ್ಕದೆ, ಅದನ್ನು ತಳ್ಳುವ ಉಕ್ಕಿನ ದಂಡವೇ ಬಾಗಿಹೋಗಬಹುದು. ಒರಸಿದರೆ ಹೋಗುತ್ತಿದ್ದ ತೊಂದರೆ ಎಂಜಿನ್ನಿನ ನಾಶದಲ್ಲಿ ಮುಗಿಯುತ್ತದೆ. ದಿನದ ದುಡಿಮೆಯಿಂದ ಮನೆ ನಡೆಸುವ ಚಾಲಕನಿಗೆ ಈ ಒಂದು ಗಳಿಗೆಯ ಆತುರವು ತಿಂಗಳುಗಳ ಸಂಪಾದನೆಯನ್ನೇ ನುಂಗಬಲ್ಲುದು. ಪ್ಲಗ್ಗುಗಳನ್ನೆಲ್ಲ ಬಿಚ್ಚಿ ನೀರನ್ನು ಹೊರಹಾಕಿ, ಎಣ್ಣೆಯಲ್ಲಿ ನೀರು ಬೆರೆತಿದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಕೆಲಸ.

ಈ ಪರೀಕ್ಷೆಗಳನ್ನು ನೀವು ಒಬ್ಬರೇ ಮಾಡತಕ್ಕದ್ದಲ್ಲ. ಸಾವಿರಾರು ವೋಲ್ಟಿನ ಆಘಾತವೂ, ಪೆಟ್ರೋಲಿನ ಆವಿಗೆ ಕಿಡಿ ತಗಲುವ ಅಪಾಯವೂ ಇವೆ. ಬಲ್ಲವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿರಿ, ಕಾರಣಗಳನ್ನು ಕೇಳಿರಿ. ಇಂದಿನ ಹೊಸ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಸಾಮಾನ್ಯವಾಗಿ ಪ್ರತಿಯೊಂದು ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲು ಕುಳಿತಿರುತ್ತದೆ. ಆದುದರಿಂದ ಈ ತೊಂದರೆ ಅವುಗಳಿಗೆ ಅಪರೂಪ. ಆದರೂ ಕೆಟ್ಟ ರೇಡಿಯೋ ಇರಲಿ, ತಪ್ಪಿಹೋದ ಲೆಕ್ಕವಿರಲಿ, ಎಲ್ಲವನ್ನೂ ಒಮ್ಮೆಲೇ ಬದಲಿಸದೆ ಒಂದೊಂದನ್ನೇ ಪರೀಕ್ಷಿಸುತ್ತ ಹೋಗುವವನಿಗೆ ದೋಷವು ಬಹಳ ಹೊತ್ತು ಅಡಗಿರಲಾರದು.