ಒಂದು ಚಮಚ ಅಂದ್ರೆ ಎಷ್ಟು?

ಹೋದ ಮಳೆಗಾಲದ ಒಂದು ರಾತ್ರಿ. ನಾಲ್ಕು ವರ್ಷದ ಪುಟ್ಟಿಗೆ ಜ್ವರ. ನಾನು ಬೆಂಗಳೂರಿನಿಂದ ರೈಲಲ್ಲಿ ಬಂದು ತುಮಕೂರಿನ ಮನೆ ಸೇರುವಷ್ಟರಲ್ಲಿ ಒಂಬತ್ತೂವರೆ. ಚೀಟಿಯಲ್ಲಿ ಸಿರಪ್ಪು 5 ಎಂಎಲ್ ಅಂತಿತ್ತು. ಬಾಟಲಿ ಜೊತೆ ಬಂದಿದ್ದ ಅಳತೆಯ ಮುಚ್ಚಳ ಹುಡುಕಿದರೂ ಸಿಗಲಿಲ್ಲ. ‘5 ಎಂಎಲ್ ಅಂದ್ರೆ ಒಂದು ಚಮಚ ತಾನೇ’ ಅಂತ ಅಡುಗೆಮನೆಯಿಂದ ಒಂದು ಚಮಚ ತಂದು ಕುಡಿಸಿದೆ. ಎರಡು ದಿನ ಹಾಗೇ ನಡೀತು.

ಮೂರನೇ ದಿನ ಐದನೇ ಕ್ಲಾಸಿನ ಮಗ ಪಕ್ಕದಲ್ಲಿ ನಿಂತು ನೋಡ್ತಾ ಕೇಳಿದ: ‘ಅಪ್ಪಾ, ನಮ್ಮನೇಲಿ ಮೂರು ಥರ ಚಮಚ ಇದೆ. ಇದ್ರಲ್ಲಿ 5 ಎಂಎಲ್ ಯಾವುದು?’

ಆಫೀಸಿನಲ್ಲಿ ಎರಡು ದಶಮಾಂಶದವರೆಗೆ ಲೆಕ್ಕ ಕೊಡುವ ನನ್ನ ಬಳಿ ಉತ್ತರ ಇರಲಿಲ್ಲ. ಅಲ್ಲಿಂದ ಶುರುವಾದದ್ದು ನಮ್ಮ ಭಾನುವಾರದ ಪ್ರಯೋಗಗಳು. ಖರ್ಚು ಹೆಚ್ಚೆಂದರೆ ಹತ್ತಿಪ್ಪತ್ತು ರೂಪಾಯಿ. ನೀವೂ ಮಾಡಬಹುದು.

1. ಚಮಚದ ಪರೀಕ್ಷೆ

ಮೆಡಿಕಲ್ ಸ್ಟೋರಿನಲ್ಲಿ ಸೂಜಿ ಇಲ್ಲದ 5 ಎಂಎಲ್ ಸಿರಿಂಜು ಸಿಗುತ್ತದೆ. ಚಮಚದಲ್ಲಿ ನೀರು ತುಂಬಿ, ಒಂದಲ್ಲ, ಹತ್ತು ಸಲ ಲೋಟಕ್ಕೆ ಹಾಕಿ. ಆಮೇಲೆ ಸಿರಿಂಜಿನಿಂದ ಎಳೆದು ಎಳೆದು ಅಳೆಯಿರಿ. ಬಂದದ್ದನ್ನು ಹತ್ತರಿಂದ ಭಾಗಿಸಿ.

ಹತ್ತು ಯಾಕೆ? ಒಂದೇ ಚಮಚ ಅಳೆದರೆ ಕೈ ನಡುಕ, ಅಂಚಲ್ಲಿ ಚೆಲ್ಲಿದ್ದು ಎಲ್ಲಾ ಆ ಒಂದರ ಮೇಲೇ ಬೀಳುತ್ತೆ. ಹತ್ತು ಅಳೆದರೆ ಒಂದರಲ್ಲಿ ಹೆಚ್ಚಾದದ್ದು ಇನ್ನೊಂದರಲ್ಲಿ ಕಡಿಮೆಯಾಗಿ ಸರಿಹೋಗುತ್ತೆ.

ನಮ್ಮನೆಯ ಸಣ್ಣ ಚಮಚಕ್ಕೆ 3.6 ಎಂಎಲ್ ಬಂತು. ನಾನು ಔಷಧಿ ಕುಡಿಸಿದ ಚಮಚಕ್ಕೆ? ಹತ್ತು ಚಮಚಕ್ಕೆ 82 ಎಂಎಲ್, ಅಂದ್ರೆ ಒಂದಕ್ಕೆ 8.2. ಬರೆದುಕೊಟ್ಟಿದ್ದಕ್ಕಿಂತ ನೂರಕ್ಕೆ 64ರಷ್ಟು ಜಾಸ್ತಿ! ನನ್ನ ಕೈಕಾಲು ತಣ್ಣಗಾಯ್ತು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಮಗುವಿನ ತೂಕ, ಎಷ್ಟು ಹೊತ್ತಿಗೊಮ್ಮೆ ಕೊಟ್ಟಿದ್ದು ಎಲ್ಲಾ ಕೇಳಿ, ‘ಈ ಸಲ ತೊಂದರೆ ಇಲ್ಲ. ಆದ್ರೆ ಮನೆ ಚಮಚ ಇನ್ಮೇಲೆ ಅಡುಗೆಗೆ ಮಾತ್ರ’ ಅಂದರು.

2. ಅಜ್ಜಿಯ ಪಾವು

ಮುಂದಿನ ವಾರ ಗುಬ್ಬಿಗೆ ಹೋದೆವು, ನಮ್ಮಮ್ಮ ಇರೋದು ಅಲ್ಲಿ. ಚಮಚದ ಕಥೆ ಕೇಳಿ ಅಮ್ಮ ಅಟ್ಟದಿಂದ ಹಳೇ ಅಳತೆಗಳನ್ನು ಇಳಿಸಿದರು. ಅರೆಪಾವು, ಪಾವು, ಅಚ್ಚೇರು, ಸೇರು. ನಾಲ್ಕು ಪಾವಿಗೆ ಒಂದು ಸೇರು. ಮೊಮ್ಮಗನ ಮುಂದೆ ರಾಗಿ ಅಳೆಯುತ್ತಾ ಎಣಿಸಿದ್ದು ‘ಲಾಭ, ಎರಡು, ಮೂರು’ ಅಂತ. ದವಸ ಅಳೆಯುವಾಗ ಮೊದಲನೆಯದಕ್ಕೆ ‘ಒಂದು’ ಅನ್ನೋ ಹಾಗಿಲ್ಲ!

ನಾವು ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆದುಕೊಂಡು ಹೋಗಿದ್ದೆವು. ಒಂದೇ ಪಾವಿಗೆ ಮೂರು ಥರ ರಾಗಿ ತುಂಬಿ ತೂಗಿದೆವು.

• ಸುಮ್ಮನೆ ಸುರಿದು, ಮೇಲೆ ಕಡ್ಡಿ ಎಳೆದು ಮಟ್ಟ ಮಾಡಿದಾಗ: 188 ಗ್ರಾಂ
• ನೆಲಕ್ಕೆ ಕುಟ್ಟಿ ಕುಟ್ಟಿ ತುಂಬಿ ಮಟ್ಟ ಮಾಡಿದಾಗ: 202 ಗ್ರಾಂ
• ಕುಟ್ಟಿ ತುಂಬಿ, ಮೇಲೆ ಗೋಪುರವನ್ನೂ ಬಿಟ್ಟಾಗ: 220 ಗ್ರಾಂ

ಪಾತ್ರೆ ಅದೇ, ರಾಗಿ ಅದೇ. ಪಾವಿಗೆ 32 ಗ್ರಾಂ ವ್ಯತ್ಯಾಸ, ಸೇರಿಗೆ 128. ‘ಕೊಡೋನು ಮಟ್ಟ ಮಾಡ್ತಾನೆ, ತಗೊಳ್ಳೋನು ಗೋಪುರ ಕೇಳ್ತಾನೆ. ಸಂತೇಲಿ ಜಗಳ ಆಗ್ತಿದ್ದದ್ದೇ ಇದಕ್ಕೆ’ ಅಂದರು ಅಮ್ಮ.

ಕಾಳುಗಳ ನಡುವೆ ಗಾಳಿ ಇರುತ್ತೆ. ಕುಟ್ಟಿದರೆ ಕಾಳು ಒತ್ತಾಗಿ ಕೂರುತ್ತೆ. ಹಾಗಾಗಿ ಗಾತ್ರ ಹೇಳೋದು ಒಂದು, ತೂಕ ಹೇಳೋದು ಇನ್ನೊಂದು. ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಅಳತೆ ಅಂತ 1956ರಲ್ಲಿ ಕಾನೂನು ಬಂತು, 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತ ಹಂತವಾಗಿ ಅಂಗಡಿಗಳಿಗೆ ಬಂತು. ಆದರೂ ಜಾತ್ರೆಯಲ್ಲಿ ಕಡ್ಲೆಪುರಿ ಇವತ್ತಿಗೂ ಸೇರಿನ ಲೆಕ್ಕವೇ. ಮುಂದಿನ ಸಲ ಕೊಳ್ಳುವಾಗ ಅಳೆಯೋರ ಕೈ ಗಮನಿಸಿ!

3. ಬೀಗದ ಗಡಿಯಾರ

ತುಮಕೂರು ಒಂದು ಕಾಲಕ್ಕೆ ಎಚ್‌ಎಂಟಿ ಕೈಗಡಿಯಾರ ತಯಾರಾಗುತ್ತಿದ್ದ ಊರು. ಕಾರ್ಖಾನೆ ಈಗ ಇಲ್ಲ. ‘ಸೆಕೆಂಡನ್ನ ಹೇಗೆ ಮಾಡ್ತಾರೆ?’ ಅಂತ ಮಗ ಕೇಳಿದಾಗ ಬಾಗಿಲ ಮೇಲಿನ ಮೊಳೆಗೆ ದಾರ ಕಟ್ಟಿ, ತುದಿಗೆ ಬೀಗ ನೇತುಹಾಕಿದೆವು. ಮೊಳೆಯಿಂದ ಬೀಗದ ಮಧ್ಯಕ್ಕೆ 99 ಸೆಂಟಿಮೀಟರ್. ಸ್ವಲ್ಪವೇ ಎಳೆದು ಬಿಡಬೇಕು.

ಹೋಗಿ ಬರೋ ಒಂದು ತೂಗಾಟಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದ್ರೆ ಒಮ್ಮೆ 1.8 ಸೆಕೆಂಡ್, ಒಮ್ಮೆ 2.2. ತಪ್ಪು ಬೀಗದ್ದಲ್ಲ, ನಮ್ಮ ಬೆರಳಿನದು. ಮಗನೇ ಹೇಳಿದ: ‘ಅಪ್ಪಾ, ಚಮಚದ ಥರ ಹತ್ತು ಮಾಡೋಣ.’ ಹತ್ತು ತೂಗಾಟಕ್ಕೆ 20.1, 19.9, 20. ಹತ್ತರಿಂದ ಭಾಗಿಸಿದರೆ ಸರಿಯಾಗಿ 2 ಸೆಕೆಂಡ್. ಹೋಗೋಕೆ ಒಂದು, ಬರೋಕೆ ಒಂದು.

ದೊಡ್ಡ ಬೀಗ ಕಟ್ಟಿದ್ರೂ ಸಮಯ ಬದಲಾಗಲಿಲ್ಲ. ದಾರವನ್ನು ಕಾಲು ಭಾಗಕ್ಕೆ, ಅಂದ್ರೆ 25 ಸೆಂಟಿಮೀಟರಿಗೆ ಇಳಿಸಿದಾಗ ಸಮಯ ಅರ್ಧವಾಯ್ತು. ಕೈಗಡಿಯಾರದ ಕ್ವಾರ್ಟ್ಜ್ ಹರಳು ಮಾಡೋದೂ ಇದನ್ನೇ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಗಡಿಯಾರ ಎಣಿಸುತ್ತೆ.

4. ಡಬ್ಬದಲ್ಲಿ ಮಳೆ

ಕುಣಿಗಲ್ಲಿನಲ್ಲಿ ನನ್ನ ಹೆಂಡತಿಯ ತವರು. ಜನಪದ ಹಾಡಿನಿಂದ ಎಲ್ಲರಿಗೂ ಗೊತ್ತಿರುವ ಕೆರೆಯ ಊರು. ಅಲ್ಲಿಗೆ ಹೋದ ಶನಿವಾರ ಮೋಡ ಕಟ್ಟಿತ್ತು. ಅಂಗಳದಲ್ಲಿ, ಮರ ಗೋಡೆಗಳಿಂದ ದೂರ ಮೂರು ಪಾತ್ರೆ ಇಟ್ಟೆವು: ನೇರ ಗೋಡೆಯ ಸಣ್ಣ ಡಬ್ಬ, ನೇರ ಗೋಡೆಯ ದೊಡ್ಡ ಸ್ಟೀಲ್ ಡಬ್ಬ, ಮತ್ತು ಮೇಲೆ ಅಗಲ ಕೆಳಗೆ ಕಿರಿದಾದ ಬಕೆಟ್ಟು. ಹವಾಮಾನ ಇಲಾಖೆ ಮಳೆ ಲೆಕ್ಕ ತೆಗೆಯೋದು ಬೆಳಿಗ್ಗೆ ಎಂಟೂವರೆಗೆ. ನಾವೂ ಅದೇ ಹೊತ್ತಿಗೆ ಸ್ಕೇಲ್ ಇಳಿಸಿದೆವು.

ಸಣ್ಣ ಡಬ್ಬ 22 ಮಿಲಿಮೀಟರ್. ದೊಡ್ಡ ಡಬ್ಬವೂ 22. ಬಕೆಟ್ಟು 39! ಅಗಲವಾದ ಬಾಯಿಗೆ ಬಿದ್ದ ನೀರೆಲ್ಲ ಕಿರಿದಾದ ತಳದಲ್ಲಿ ನಿಂತಿತ್ತು, ಅದಕ್ಕೇ ಎತ್ತರ ಸುಳ್ಳು ಹೇಳಿತು. ಮಳೆ ಅಳೆಯೋಕೆ ಡಬ್ಬದ ಗಾತ್ರ ಮುಖ್ಯ ಅಲ್ಲ, ಗೋಡೆ ನೆಟ್ಟಗಿರಬೇಕು.

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್ ನೀರು. 30-40 ಸೈಟಿನಷ್ಟು ತಾರಸಿ ಇದ್ದರೆ ಸುಮಾರು 111 ಚದರ ಮೀಟರ್. ಆ ಒಂದು ರಾತ್ರಿಯ ಮಳೆಗೆ ಹತ್ತಿರ ಹತ್ತಿರ 2,450 ಲೀಟರ್! ಸಾವಿರ ಲೀಟರಿನ ಎರಡು ಟ್ಯಾಂಕು ತುಂಬಿ ಮಿಕ್ಕುತ್ತಿತ್ತು. ತುಮಕೂರಿನ ನಮ್ಮ ಮನೆ ತಾರಸಿಯ ಪೈಪು ನೆಟ್ಟಗೆ ಚರಂಡಿಗೆ ಹೋಗುತ್ತೆ ಅನ್ನೋದು ಆಗ ನೆನಪಾಯ್ತು. ಈ ಬೇಸಿಗೆಯೊಳಗೆ ಅದನ್ನು ಸಂಪಿಗೆ ತಿರುಗಿಸಬೇಕು.

ಮಾವ ಮಾತ್ರ ನಮ್ಮ ಡಬ್ಬ ನೋಡಲೇ ಇಲ್ಲ. ಹೊಲಕ್ಕೆ ಹೋಗಿ, ಮಣ್ಣು ಕೆದಕಿ, ಕೈ ಇಟ್ಟು ನೋಡಿ ಬಂದು, ‘ಗೇಣುದ್ದ ನೆಂದದೆ. ಹದ ಮಳೆ’ ಅಂದರು. ಮಗ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬೀಜ ಹಾಕೋರಿಗೆ ಬೇಕಾದ ಅಳತೆ ಅದೇ ತಾನೇ?

ಎಷ್ಟು ತಪ್ಪಬಹುದು?

ಅಳತೆ ಅಂದ್ರೆ ಒಂದು ಅಂಕಿ ಸಿಕ್ಕಿದರೆ ಮುಗೀತು ಅಂದುಕೊಂಡಿದ್ದೆ. ಮಗನ ಜೊತೆ ಕಲಿತದ್ದು ಬೇರೆ. ಆ ಅಂಕಿ ಯಾವ ಪಾತ್ರೆಯಿಂದ ಬಂತು, ಹೇಗೆ ತುಂಬಿದ್ದು, ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತಲೂ ಕೇಳಬೇಕು. ರಾಗಿಯಲ್ಲಿ ಆದರೆ ಹೆಚ್ಚುಕಮ್ಮಿಗೆ ನಕ್ಕು ಸುಮ್ಮನಾಗಬಹುದು. ಮಗುವಿನ ಔಷಧಿಯಲ್ಲಿ ಆಗೋದಿಲ್ಲ.

ಹೋದ ತಿಂಗಳು ಪುಟ್ಟಿಗೆ ಮತ್ತೆ ಜ್ವರ ಬಂತು. ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿದ್ದು ಅವಳ ಅಣ್ಣ. ‘ಈಗ ಕೊಡಿ ಅಪ್ಪಾ, ಸರಿಯಾಗಿ 5 ಇದೆ’ ಅಂದ.

ಆ ದೊಡ್ಡ ಚಮಚ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ಹಿಡಿಗೆ ಪ್ಲಾಸ್ಟರ್ ಸುತ್ತಿ ಮಗ ಪೆನ್ನಿನಲ್ಲಿ ಬರೆದಿದ್ದಾನೆ: ‘8.2 ಎಂಎಲ್. ಉಪ್ಪಿನಕಾಯಿಗೆ ಮಾತ್ರ.’

ನಿಮ್ಮನೆ ಚಮಚ ಎಷ್ಟು ಎಂಎಲ್? ಇವತ್ತು ರಾತ್ರಿ ಊಟ ಆದಮೇಲೆ ಅಳೆದು ನೋಡಿ.